ಅಟ್ಯಾಕ್ ಬೋನಸ್ ತಪ್ಪು ಬರುತ್ತಿದೆಯಾ? ಎಷ್ಟು ತಪ್ಪು ಅಂತ ಮೊದಲು ನೋಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟಗಳಲ್ಲಿ ನಾವು ಆಡುವ ಪಾತ್ರದ ವಿವರವೆಲ್ಲ ಕ್ಯಾರೆಕ್ಟರ್ ಶೀಟ್‌ನಲ್ಲಿ ಇರುತ್ತದೆ. ಏಟು ತಾಗಿತಾ ಅಂತ ನೋಡಲು ದಾಳ ಉರುಳಿಸಿದಾಗ ಅದಕ್ಕೆ ಕೂಡುವ ಸಂಖ್ಯೆಯೇ ಅಟ್ಯಾಕ್ ಬೋನಸ್. ಕಾಗದದ ಶೀಟ್‌ನಲ್ಲಿ ಅದರ ಲೆಕ್ಕ ಮಾಡುವವರು ನಾವೇ. ಕೂಡಿದ್ದು ತಪ್ಪಾದರೆ ಎಲ್ಲಿ ತಪ್ಪಿತು ಅಂತ ಪೆನ್ಸಿಲ್ ಗುರುತು ನೋಡಿ ಹಿಡಿಯಬಹುದು. ಡಿಜಿಟಲ್ ಶೀಟ್ ಹಾಗಲ್ಲ. ಅದು ಕೊನೆಯ ಮೊತ್ತವನ್ನು ಮಾತ್ರ ಮುಂದಿಡುತ್ತದೆ: ಲಾಂಗ್‌ಬೋ, +7. ಜೊತೆಗೆ ಆಡುವವರು ಯಾರೋ "ನಿಂದು +10 ಇರಬೇಕಲ್ವಾ?" ಅಂದಾಗ ಉತ್ತರ ಹೊಳೆಯುವುದಿಲ್ಲ. ಆ 7 ಎಲ್ಲಿಂದ ಬಂತು ಅನ್ನುವುದು ಪರದೆಯ ಮೇಲೆ ಕಾಣುವುದೇ ಇಲ್ಲ.

ಆಗ ಬಹಳ ಜನ ಸರಿಯಾದ ಸಂಖ್ಯೆಯನ್ನು ಯಾವುದೋ ಒಂದು ಖಾಲಿ ಬಾಕ್ಸ್‌ನಲ್ಲಿ ತುಂಬಿ ಮುಂದೆ ಹೋಗುತ್ತಾರೆ. ಆ ದಿನದ ಆಟವೇನೋ ನಡೆಯುತ್ತದೆ. ಆದರೆ ಮೂಲ ತಪ್ಪು ಅಲ್ಲೇ ಉಳಿದಿರುತ್ತದೆ, ಮೇಲೊಂದು ತೇಪೆ ಬಿದ್ದಿರುತ್ತದೆ. ಮುಂದೆ ಲೆವೆಲ್ ಏರಿದಾಗ ಅಥವಾ ಹೊಸ ಆಯುಧ ಸಿಕ್ಕಾಗ ಎರಡೂ ಸೇರಿ ಇನ್ನಷ್ಟು ಗೋಜಲು. ಅದಕ್ಕಿಂತ ಒಳ್ಳೆಯ ದಾರಿ ಇದೆ. ಇರಬೇಕಾದ ಸಂಖ್ಯೆಗೂ ಶೀಟ್ ತೋರಿಸುವ ಸಂಖ್ಯೆಗೂ ನಡುವೆ ಎಷ್ಟು ಅಂತರ ಇದೆ ನೋಡಿ. ತಪ್ಪು ಎಲ್ಲಿದೆ ಅಂತ ಮುಕ್ಕಾಲು ಪಾಲು ಆ ಅಂತರವೇ ಹೇಳುತ್ತದೆ.

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಅನ್ನಿಸಬಹುದು. ಉರುಳಿಸುವುದು ಇಪ್ಪತ್ತು ಮುಖದ ದಾಳ. ಹಾಗಾಗಿ ಬೋನಸ್‌ನಲ್ಲಿ ಒಂದು ಹೆಚ್ಚು ಕಡಿಮೆಯಾದರೆ ಏಟು ತಾಗುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ 5ರಷ್ಟು ಬದಲಾಗುತ್ತದೆ. ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ದಾಳ ಮತ್ತು ಬೋನಸ್ ಸೇರಿ ಮುಟ್ಟಬೇಕಾದ ಸಂಖ್ಯೆ, 15 ಅಂತಿಟ್ಟುಕೊಳ್ಳಿ. +5 ಇದ್ದರೆ ದಾಳದಲ್ಲಿ 10 ಅಥವಾ ಜಾಸ್ತಿ ಬೀಳಬೇಕು, ಅಂದರೆ ನೂರಕ್ಕೆ 55. ಅದೇ +2 ಆದರೆ 13 ಬೇಕು, ನೂರಕ್ಕೆ 40. ತಿಂಗಳುಗಟ್ಟಲೆ ಆಡುವ ಕಥೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಆಟಗಾರರಿಗೆ ತಮ್ಮ ಕ್ಯಾರೆಕ್ಟರ್ ಕೈಲಾಗದವನು ಅನ್ನಿಸಲು ಶುರುವಾಗುತ್ತದೆ. ತಪ್ಪು ಶೀಟ್‌ನದ್ದು ಅಂತ ಯಾರಿಗೂ ಹೊಳೆಯುವುದಿಲ್ಲ.

ಸಂಖ್ಯೆಯ ಒಳಗೆ ಏನಿದೆ

ಇಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯನ್ನೇ ಹಿಡಿದು ಹೇಳುತ್ತೇನೆ. ಅದು ಬಂದದ್ದು 2014ರಲ್ಲಿ, ನಿಯಮಗಳ ಪರಿಷ್ಕರಣೆ ಆದದ್ದು 2024ರಲ್ಲಿ. ಅಟ್ಯಾಕ್ ಬೋನಸ್‌ನ ಮೂಲ ಲೆಕ್ಕ ಎರಡರಲ್ಲೂ ಒಂದೇ.

ಮೊದಲನೆಯದು ಎಬಿಲಿಟಿ ಮಾಡಿಫೈಯರ್. ಎಬಿಲಿಟಿ ಅಂದರೆ ಸ್ಟ್ರೆಂತ್ (ಬಲ), ಡೆಕ್ಸ್ಟೆರಿಟಿ (ಚುರುಕು) ಥರದ ಗುಣಗಳು, ಒಂದೊಂದಕ್ಕೂ ಒಂದು ಸ್ಕೋರ್ ಇರುತ್ತದೆ. ಆ ಸ್ಕೋರ್‌ನಿಂದ 10 ಕಳೆಯಿರಿ, ಉಳಿದದ್ದನ್ನು ಅರ್ಧ ಮಾಡಿ, ಅರ್ಧಂಬರ್ಧ ಬಂದರೆ ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸಿ. 18ಕ್ಕೆ +4, 16ಕ್ಕೆ +3, 15ಕ್ಕೆ +2. ಎರಡನೆಯದು ಪ್ರೊಫಿಷಿಯೆನ್ಸಿ ಬೋನಸ್. ಆ ಆಯುಧವನ್ನು ಬಳಸಲು ನಿಮ್ಮ ಕ್ಯಾರೆಕ್ಟರ್ ಕಲಿತಿದ್ದರೆ ಮಾತ್ರ ಇದು ಸೇರುತ್ತದೆ. 1ರಿಂದ 4ನೇ ಲೆವೆಲ್‌ವರೆಗೆ +2, 5ರಿಂದ 8ಕ್ಕೆ +3, 9ರಿಂದ 12ಕ್ಕೆ +4, 13ರಿಂದ 16ಕ್ಕೆ +5, 17ರ ಮೇಲೆ +6. ಇಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಲೆವೆಲ್. ಮೂರು ಲೆವೆಲ್ ಫೈಟರ್, ಎರಡು ಲೆವೆಲ್ ರೋಗ್ ಆಗಿರುವವರು ಐದನೇ ಲೆವೆಲ್‌ನವರೇ, ಅವರಿಗೆ +3.

ಇದರ ಮೇಲೆ ಉಳಿದವು ಬಂದು ಕೂಡುತ್ತವೆ. ಬೋನಸ್ ಇರುವ ಮಾಂತ್ರಿಕ ಆಯುಧವಾದರೆ +1ರಿಂದ +3. ಆರ್ಚರಿ ಅನ್ನುವ ಫೈಟಿಂಗ್ ಸ್ಟೈಲ್ ಇದ್ದರೆ ದೂರದಿಂದ ಹೊಡೆಯುವ ಆಯುಧಗಳಿಗೆ +2. ಮತ್ತೆ ಕೆಲವು ಸಬ್‌ಕ್ಲಾಸ್ (ಫೈಟರ್, ರೋಗ್ ಥರದ ವೃತ್ತಿ ಕ್ಲಾಸ್, ಅದರೊಳಗಿನ ಕವಲು ಸಬ್‌ಕ್ಲಾಸ್), ಮಂತ್ರ, ವಸ್ತುಗಳಿಂದ ಬರುವ ಚಿಲ್ಲರೆ. ಅಷ್ಟೇ. ಕಿರಾಣಿ ಅಂಗಡಿಯ ಚೀಟಿಯಲ್ಲಿ ಮೊತ್ತ ತಪ್ಪು ಅನ್ನಿಸಿದರೆ ಒಂದೊಂದೇ ಸಾಮಾನಿನ ಬೆಲೆ ನೋಡುತ್ತೇವಲ್ಲ, ಇಲ್ಲೂ ಅದನ್ನೇ ಮಾಡಬೇಕು. ಆದರೆ ಇಲ್ಲಿ ಚೀಟಿಯನ್ನು ನಾವೇ ಬರೆದುಕೊಳ್ಳಬೇಕು.

ಡ್ಯಾಮೇಜ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ

ಐದನೇ ಲೆವೆಲ್‌ನ ಒಬ್ಬ ರೇಂಜರ್ ಇದ್ದಾನೆ. ಡೆಕ್ಸ್ಟೆರಿಟಿ 18, ಅಂದರೆ +4. ಪ್ರೊಫಿಷಿಯೆನ್ಸಿ +3. ಆರ್ಚರಿ +2. ಕೈಯಲ್ಲಿ +1 ಲಾಂಗ್‌ಬೋ. ನಾಲ್ಕು, ಮೂರು, ಎರಡು, ಒಂದು ಸೇರಿ +10 ಆಗಬೇಕು. ಶೀಟ್ ತೋರಿಸುತ್ತಿರುವುದು +7.

ಮೂರು ಕಡಿಮೆ. ಹಾಗಾದರೆ ಪ್ರೊಫಿಷಿಯೆನ್ಸಿ ಸೇರಿಲ್ಲ ಅಂತ ತಕ್ಷಣ ಹೇಳಿಬಿಡಬಹುದಾ? ಆತುರ ಬೇಡ. ಆರ್ಚರಿಯ 2 ಮತ್ತು ಮಾಂತ್ರಿಕ ಬಿಲ್ಲಿನ 1 ಎರಡೂ ತಪ್ಪಿಹೋಗಿದ್ದರೂ ಮೂರೇ ಕಡಿಮೆ. ಇವನ ಸ್ಟ್ರೆಂತ್ 12 ಆಗಿದ್ದು, ಶೀಟ್ ಡೆಕ್ಸ್ಟೆರಿಟಿ ಬದಲು ಸ್ಟ್ರೆಂತ್ ತೆಗೆದುಕೊಂಡಿದ್ದರೂ 4ರ ಜಾಗದಲ್ಲಿ 1 ಬಂದು ಮತ್ತೆ ಅದೇ ಮೂರು. ಅನುಮಾನ ಮೂವರ ಮೇಲೂ ಇದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ.

ಇಲ್ಲಿ ಡ್ಯಾಮೇಜ್, ಅಂದರೆ ಏಟು ತಾಗಿದಾಗ ಆಗುವ ಹಾನಿಯ ಸಂಖ್ಯೆ ನೆರವಿಗೆ ಬರುತ್ತದೆ. ಡ್ಯಾಮೇಜ್‌ಗೆ ಎಬಿಲಿಟಿ ಮಾಡಿಫೈಯರ್ ಸೇರುತ್ತದೆ, ಆಯುಧದ ಮಾಂತ್ರಿಕ ಬೋನಸ್ ಸೇರುತ್ತದೆ. ಪ್ರೊಫಿಷಿಯೆನ್ಸಿ ಸೇರುವುದಿಲ್ಲ, ಆರ್ಚರಿಯೂ ಸೇರುವುದಿಲ್ಲ. ಅಂದರೆ ಈ ರೇಂಜರ್‌ನ ಡ್ಯಾಮೇಜ್ ಎಂಟು ಮುಖದ ಒಂದು ದಾಳ ಮತ್ತು +5 ಇರಬೇಕು. ಶೀಟ್‌ನಲ್ಲೂ +5 ಇದೆಯಾ? ಹಾಗಾದರೆ ಡೆಕ್ಸ್ಟೆರಿಟಿ ಸರಿ, ಬಿಲ್ಲಿನ +1 ಸರಿ. ಉಳಿದದ್ದು ಪ್ರೊಫಿಷಿಯೆನ್ಸಿ ಒಂದೇ. ಡ್ಯಾಮೇಜ್ +4 ಇದ್ದರೆ ಬಿಲ್ಲಿನ ಮಾಂತ್ರಿಕ ಬೋನಸ್ ಬಿಟ್ಟುಹೋಗಿದೆ, ಮಿಕ್ಕ ಎರಡು ಆರ್ಚರಿಯದ್ದು. ಡ್ಯಾಮೇಜ್ +2 ಅಂತ ಕಂಡರೆ ಸ್ಟ್ರೆಂತ್ ನುಸುಳಿದೆ. ಒಂದೂ ಸೆಟ್ಟಿಂಗ್ ತೆರೆಯದೆ, ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿಯೇ ಇಷ್ಟು ಗೊತ್ತಾಯಿತು.

ಇನ್ನೊಂದು ಉದಾಹರಣೆ ನೋಡಿ. ನಾಲ್ಕನೇ ಲೆವೆಲ್‌ನ ಫೈಟರ್, ಸ್ಟ್ರೆಂತ್ 16, ಡೆಕ್ಸ್ಟೆರಿಟಿ 12. ಜಾವೆಲಿನ್ ಎಸೆಯುತ್ತಾಳೆ. +3ಕ್ಕೆ +2 ಸೇರಿ +5 ಬರಬೇಕು, ಬರುತ್ತಿರುವುದು +3. ಈ ಲೆವೆಲ್‌ನಲ್ಲಿ ಪ್ರೊಫಿಷಿಯೆನ್ಸಿ ಎರಡು. ಅವಳ ಎರಡು ಎಬಿಲಿಟಿಗಳ ನಡುವಿನ ಅಂತರವೂ ಎರಡೇ. ಡ್ಯಾಮೇಜ್ +3 ಇದ್ದರೆ ಪ್ರೊಫಿಷಿಯೆನ್ಸಿ ಗುರುತು ಬಿದ್ದಿಲ್ಲ. ಡ್ಯಾಮೇಜ್ +1 ಇದ್ದರೆ ಶೀಟ್ ಡೆಕ್ಸ್ಟೆರಿಟಿ ಬಳಸುತ್ತಿದೆ. ಎರಡನೆಯದೇ ಆಗಿರುವ ಸಾಧ್ಯತೆ ಜಾಸ್ತಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಉಪಾಯಕ್ಕೆ ಕೆಲವು ವಿನಾಯಿತಿಗಳಿವೆ. ಎರಡು ಹಗುರ ಆಯುಧ ಹಿಡಿದು ಎರಡನೆಯದರಿಂದ ಹೊಡೆಯುವ ಹೆಚ್ಚುವರಿ ಏಟಿಗೆ ಸಾಮಾನ್ಯವಾಗಿ ಎಬಿಲಿಟಿ ಮಾಡಿಫೈಯರ್ ಡ್ಯಾಮೇಜ್‌ನಲ್ಲಿ ಸೇರುವುದಿಲ್ಲ. ಅದು ತಪ್ಪಲ್ಲ, ನಿಯಮವೇ ಹಾಗೆ. ಮಂತ್ರದ ಏಟಿನಲ್ಲೂ ಬಹುತೇಕ ಹಾಗೇ. 2024ರ ಗ್ರೇಟ್ ವೆಪನ್ ಮಾಸ್ಟರ್ ಫೀಟ್ (ಕ್ಯಾರೆಕ್ಟರ್ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇದ್ದರೆ ಹೆವಿ ಆಯುಧಗಳ ಡ್ಯಾಮೇಜ್‌ಗೆ ಪ್ರೊಫಿಷಿಯೆನ್ಸಿಯಷ್ಟು ಹೆಚ್ಚುವರಿ ಸೇರಬಹುದು.

ಇನ್ನೊಂದು ಪರೀಕ್ಷೆಯನ್ನೂ ಇದರ ಜೊತೆಗೇ ಮಾಡಿ. ಅದೇ ಶೀಟ್‌ಗೆ ಮಾಂತ್ರಿಕವಲ್ಲದ ಒಂದು ಶಾರ್ಟ್‌ಬೋ ಸೇರಿಸಿ ನೋಡಿ. ಅದಕ್ಕೂ ಮೂರು ಕಡಿಮೆ ಬಂದರೆ ತೊಂದರೆ ಬುಡದಲ್ಲೇ ಇದೆ: ಲೆವೆಲ್, ಸ್ಕೋರ್, ಕ್ಲಾಸ್ ಇವುಗಳಲ್ಲಿ ಒಂದು. ಅದು ಸರಿಯಾಗಿ +9 ಬಂದರೆ ತೊಂದರೆ ಲಾಂಗ್‌ಬೋ ನಮೂದಿನಲ್ಲಿ ಮಾತ್ರ. ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು.

ಎಬಿಲಿಟಿ ಅದಲು ಬದಲು

ಜಾವೆಲಿನ್ ವಿಷಯಕ್ಕೆ ಬರೋಣ. ಎಸೆಯುವುದು ಅಂದರೆ ದೂರದ ಏಟು, ದೂರದ ಏಟು ಅಂದರೆ ಡೆಕ್ಸ್ಟೆರಿಟಿ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗಾಗಿ ಕೈಯಾರೆ ನಮೂದು ಮಾಡುವಾಗ ಅದನ್ನು ದೂರದ ಆಯುಧ ಅಂತ ಹಾಕಿಬಿಡುತ್ತಾರೆ. ನಿಯಮದಲ್ಲಿ ಜಾವೆಲಿನ್, ಹ್ಯಾಂಡ್‌ಆಕ್ಸ್ ಇವೆಲ್ಲ ಹತ್ತಿರದ ಆಯುಧಗಳೇ, ಎಸೆಯಲು ಬರುತ್ತವೆ ಅಷ್ಟೆ. ಎಸೆದರೂ ಸ್ಟ್ರೆಂತ್‌ನದ್ದೇ ಲೆಕ್ಕ. ಆರ್ಚರಿಯ +2 ಕೂಡ ಇವಕ್ಕೆ ಸಿಗುವುದಿಲ್ಲ. ಡ್ಯಾಗರ್‌ಗೆ ಫಿನೆಸ್ ಗುಣ ಇರುವುದರಿಂದ ಸ್ಟ್ರೆಂತ್, ಡೆಕ್ಸ್ಟೆರಿಟಿ ಯಾವುದನ್ನಾದರೂ ಆರಿಸಬಹುದು. ಆದರೂ ಅದು ಹತ್ತಿರದ ಆಯುಧವೇ, ಎಸೆದಾಗ ಆರ್ಚರಿ ಇಲ್ಲ. ಡಾರ್ಟ್ ಮಾತ್ರ ನಿಜವಾಗಿ ದೂರದ ಆಯುಧ. ಅದಕ್ಕೆ ಫಿನೆಸ್ ಕೂಡ ಇದೆ, ಆರ್ಚರಿಯೂ ಸಲ್ಲುತ್ತದೆ. ಇಲ್ಲಿ ಶೀಟ್ ಸರಿಯಿದ್ದು ನಮ್ಮ ಎಣಿಕೆ ತಪ್ಪಿರುವ ಸಂದರ್ಭಗಳೂ ಸಾಕಷ್ಟಿವೆ.

ಸಬ್‌ಕ್ಲಾಸ್‌ಗಳು ಇದನ್ನು ಇನ್ನಷ್ಟು ತಿರುಚುತ್ತವೆ. ಹೆಕ್ಸ್‌ಬ್ಲೇಡ್ ವಾರ್ಲಾಕ್ ತನ್ನ ಆಯುಧಕ್ಕೆ ಕರಿಸ್ಮಾ ಬಳಸಬಹುದು. ಬ್ಯಾಟಲ್ ಸ್ಮಿತ್ ಆರ್ಟಿಫಿಸರ್ ಮಾಂತ್ರಿಕ ಆಯುಧಕ್ಕೆ ಇಂಟೆಲಿಜೆನ್ಸ್ ಬಳಸಬಹುದು. ಶಿಲೇಲಿ ಮಂತ್ರ ಹಾಕಿದ ದೊಣ್ಣೆಗೆ ಮಂತ್ರದ ಎಬಿಲಿಟಿ ಸಲ್ಲುತ್ತದೆ. ಇವು ಯಾವ ಆಯುಧಕ್ಕೆ ಅನ್ವಯ ಅಂತ ಶೀಟ್‌ಗೆ ಸುಮ್ನೆ ಗೊತ್ತಾಗುವುದಿಲ್ಲ, ಅನೇಕ ಸಲ ಆ ಆಯುಧದ ಮೇಲೆ ನಾವೇ ಗುರುತು ಹಾಕಬೇಕು.

ಕಲಿತಿದ್ದಾನಾ, ಇಲ್ವಾ

ಪ್ರೊಫಿಷಿಯೆನ್ಸಿ ಸೇರದಿರಲು ಈಗ ಒಂದು ಹೊಸ ಕಾರಣ ಹುಟ್ಟಿಕೊಂಡಿದೆ. 2014ರ ನಿಯಮದಲ್ಲಿ ಬಾರ್ಡ್‌ಗೆ ರೇಪಿಯರ್ ಬಳಸಲು ಬರುತ್ತಿತ್ತು. 2024ರ ಬಾರ್ಡ್‌ಗೆ ಕ್ಲಾಸ್‌ನಿಂದ ಸಿಗುವುದು ಸಿಂಪಲ್ ಆಯುಧಗಳು ಮಾತ್ರ, ರೇಪಿಯರ್ ಅದರಲ್ಲಿಲ್ಲ. ಹಳೆಯ ಅಭ್ಯಾಸದವರು ಹೊಸ ಬಾರ್ಡ್ ಕೈಗೆ ರೇಪಿಯರ್ ಕೊಟ್ಟು, ಮೊದಲ ಲೆವೆಲ್‌ನಲ್ಲಿ +5 ಕಾಯುತ್ತಿರುವಾಗ +3 ನೋಡುತ್ತಾರೆ. ಇಲ್ಲಿ ಶೀಟ್ ತಪ್ಪು ಮಾಡಿಲ್ಲ. ಯಾವ ನಿಯಮದ ಕ್ಲಾಸ್ ಆರಿಸಿದ್ದೀರಿ ಅಂತ ಮೊದಲು ನೋಡಿ, ಆಮೇಲೆ ಆಟ ನಡೆಸುವ ನಿಮ್ಮ ಡಿಎಂ ಜೊತೆ ಮಾತಾಡಿ.

ನಮ್ಮ ಕನ್ನಡದ ಆಟಗಾರರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಆಯುಧಕ್ಕೆ ನಮ್ಮದೇ ಹೆಸರು ಇಡುವುದು ಎಷ್ಟು ಚೆನ್ನ. ಅಜ್ಜನ ಖಡ್ಗ, ಮಲೆಯ ಕೊಡಲಿ ಅಂತೆಲ್ಲ ಇಟ್ಟರೆ ಕಥೆಗೆ ಕಳೆ ಬರುತ್ತದೆ, ಖಂಡಿತ ಇಡಿ. ಆದರೆ ಖಾಲಿ ಕಸ್ಟಮ್ ಆಯುಧ ಮಾಡಿ ಹೆಸರು ಮಾತ್ರ ಕೊಟ್ಟರೆ, ಅದು ಲಾಂಗ್‌ಸೋರ್ಡ್ ಅಂತ ಶೀಟ್‌ಗೆ ತಿಳಿಯುವುದು ಹೇಗೆ? ಲಾಂಗ್‌ಸೋರ್ಡ್ ಅನ್ನೇ ಸೇರಿಸಿ, ಆಮೇಲೆ ಹೆಸರು ಬದಲಾಯಿಸಿ. ಆನ್‌ಲೈನ್‌ನಲ್ಲಿ ಆಡಲು ಬಳಸುವ ಫೌಂಡ್ರಿ ಸಾಫ್ಟ್‌ವೇರ್‌ನಲ್ಲಾದರೆ ಆಯುಧದ ವಿವರದಲ್ಲಿ ಮೂಲ ಆಯುಧ ಯಾವುದು ಅಂತ ಆರಿಸುವ ಜಾಗವಿದೆ, ಅದನ್ನು ತುಂಬಿ.

ಜಾಸ್ತಿ ಬಂದರೂ ತಪ್ಪೇ

ಬೋನಸ್ ಕಡಿಮೆಯಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ, ಜಾಸ್ತಿಯಾದರೆ ಯಾರೂ ಕೇಳುವುದಿಲ್ಲ. ಅದೂ ತಪ್ಪೇ, ಎಲ್ಲರ ಆಟವನ್ನೂ ಕೆಡಿಸುತ್ತದೆ. ಇದಕ್ಕೆ ಸಾಮಾನ್ಯ ಕಾರಣ ಎರಡು ಸಲ ಲೆಕ್ಕಕ್ಕೆ ಬರುವುದು. +1 ಲಾಂಗ್‌ಸೋರ್ಡ್ ಅನ್ನು ಪಟ್ಟಿಯಿಂದ ಸೇರಿಸಿದಾಗಲೇ ಆ ಒಂದು ಒಳಗೆ ಬಂದಿರುತ್ತದೆ. ಅಟ್ಯಾಕ್‌ನ ಬೋನಸ್ ಬಾಕ್ಸ್‌ನಲ್ಲಿ ಇನ್ನೊಂದು 1 ಹಾಕಿದರೆ ಅಟ್ಯಾಕ್ ಮಟ್ಟಿಗೆ ಅದು +2 ಕತ್ತಿಯಾಗುತ್ತದೆ. ಆಗ ಡ್ಯಾಮೇಜ್ ಸರಿಯಿದ್ದು ಅಟ್ಯಾಕ್ ಮಾತ್ರ ಒಂದು ಜಾಸ್ತಿ ಇರುತ್ತದೆ. ಡ್ಯುಯಲಿಂಗ್ ಸ್ಟೈಲ್‌ನ +2 ಇರುವುದು ಡ್ಯಾಮೇಜ್‌ಗೆ. ಅದನ್ನು ಅಟ್ಯಾಕ್‌ಗೆ ಸೇರಿಸಿದ ಶೀಟ್‌ಗಳೂ ಬೇಕಾದಷ್ಟಿವೆ. ಬ್ರೇಸರ್ಸ್ ಆಫ್ ಆರ್ಚರಿ ಅನ್ನುವ ಮಾಂತ್ರಿಕ ವಸ್ತುವಿನ ಬೋನಸ್ ಕೂಡ ಡ್ಯಾಮೇಜ್‌ಗೇ, ಹೆಸರು ಕೇಳಿ ಮೋಸಹೋಗಬೇಡಿ.

ವಸ್ತುಗಳ ವಿಷಯದಲ್ಲಿ ಇನ್ನೊಂದಿದೆ. ಚೀಲದಲ್ಲಿ ಇದ್ದರೆ ಸಾಲದು, ಧರಿಸಿದ ಗುರುತು ಬೇಕು. ಕೆಲವಕ್ಕೆ ಅಟ್ಯೂನ್‌ಮೆಂಟ್, ಅಂದರೆ ವಸ್ತುವಿನ ಜೊತೆ ಮಾಂತ್ರಿಕ ನಂಟು ಕೂಡ ಬೇಕು, ಒಬ್ಬರಿಗೆ ಸಾಮಾನ್ಯವಾಗಿ ಮೂರೇ. ಗಾಂಟ್ಲೆಟ್ಸ್ ಆಫ್ ಓಗರ್ ಪವರ್ ಸ್ಟ್ರೆಂತ್ ಅನ್ನು 19 ಮಾಡುತ್ತದೆ, ಆದರೆ ಅಟ್ಯೂನ್ ಆಗಿದ್ದರೆ ಮಾತ್ರ. ಸಾದಾ +1 ಕತ್ತಿಗೆ ಅದು ಬೇಡ.

ಯಾವ ಶೀಟ್‌ನಲ್ಲಿ ಎಲ್ಲಿ ನೋಡಬೇಕು

ಡಿ ಅಂಡ್ ಡಿ ಬಿಯಾಂಡ್‌ನಲ್ಲಿ ಆಯುಧದ ಮೇಲೆ ಒತ್ತಿ ಕಸ್ಟಮೈಸ್ ತೆರೆದರೆ ಎರಡು ಬಾಕ್ಸ್‌ಗಳು ಕಾಣುತ್ತವೆ: ಟು ಹಿಟ್ ಓವರ್‌ರೈಡ್ ಮತ್ತು ಟು ಹಿಟ್ ಬೋನಸ್. ಇವೆರಡರ ವ್ಯತ್ಯಾಸ ತಿಳಿದಿರಲೇಬೇಕು. ಬೋನಸ್ ಅನ್ನುವುದು ಲೆಕ್ಕದ ಮೇಲೆ ಕೂಡುತ್ತದೆ. ಓವರ್‌ರೈಡ್ ಲೆಕ್ಕವನ್ನೇ ತೆಗೆದುಹಾಕಿ ನೀವು ಕೊಟ್ಟ ಸಂಖ್ಯೆಯನ್ನು ಕೂರಿಸುತ್ತದೆ. ಲೆವೆಲ್ ಏರಲಿ, ಡೆಕ್ಸ್ಟೆರಿಟಿ ಏರಲಿ, ಅದು ಅಲ್ಲಾಡುವುದಿಲ್ಲ. "ಐದನೇ ಲೆವೆಲ್‌ಗೆ ಬಂದರೂ ಬೋನಸ್ ಏರಲಿಲ್ಲ" ಅನ್ನುವ ದೂರಿಗೆ ನಾನು ಮೊದಲು ನೋಡುವ ಜಾಗ ಇದೇ. ಎಬಿಲಿಟಿ ಸ್ಕೋರ್‌ಗೂ ಇಂಥದ್ದೇ ಓವರ್‌ರೈಡ್ ಬಾಕ್ಸ್ ಇದೆ, ಅದನ್ನೂ ಖಾಲಿ ಮಾಡಿ ನೋಡಿ.

ರೋಲ್20ಯ ಹಳೆಯ ಐದನೇ ಆವೃತ್ತಿ ಶೀಟ್‌ನಲ್ಲಿ ಪ್ರತಿ ಅಟ್ಯಾಕ್ ಪಕ್ಕದ ಚಕ್ರದ ಗುರುತು ಒತ್ತಿದರೆ ಭಾಗಗಳು ಬೇರೆ ಬೇರೆಯಾಗಿ ಕಾಣುತ್ತವೆ: ಯಾವ ಎಬಿಲಿಟಿ, ಹೆಚ್ಚುವರಿ ಸಂಖ್ಯೆ, ಪ್ರೊಫಿಷಿಯೆನ್ಸಿ ಗುರುತು, ಮಾಂತ್ರಿಕ ಬೋನಸ್. ನನಗೆ ಈ ಜೋಡಣೆ ಇಷ್ಟ, ಕೈಯಲ್ಲಿ ಬರೆದ ಲೆಕ್ಕದ ಜೊತೆ ಸಾಲು ಸಾಲಾಗಿ ಹೋಲಿಸಬಹುದು. ಎಲ್ಲ ಆಯುಧಗಳೂ ಒಂದೇ ಅಳತೆಯಲ್ಲಿ ತಪ್ಪಿದರೆ ಗ್ಲೋಬಲ್ ಅಟ್ಯಾಕ್ ಮಾಡಿಫೈಯರ್‌ನಲ್ಲಿ ಹಳೆಯದೇನಾದರೂ ಉಳಿದಿದೆಯಾ ನೋಡಿ.

ಫೌಂಡ್ರಿಯಲ್ಲಿ ಅನುಮಾನ ಪಡಬೇಕಾದ್ದು ಆಕ್ಟಿವ್ ಎಫೆಕ್ಟ್‌ಗಳನ್ನು. ಹಿಂದಿನ ವಾರದ ಯುದ್ಧದಲ್ಲಿ ಹಾಕಿದ ಮಂತ್ರವೊಂದರ ಪರಿಣಾಮ ಇನ್ನೂ ಚಾಲೂ ಇರಬಹುದು. ಎಫೆಕ್ಟ್ಸ್ ಟ್ಯಾಬ್‌ನಲ್ಲಿ ಒಂದೊಂದನ್ನೇ ಆಫ್ ಮಾಡಿ ಸಂಖ್ಯೆ ಬದಲಾಗುತ್ತದೆಯಾ ನೋಡಿ. ಒಂದೊಂದೇ ಅನ್ನುವುದು ಮುಖ್ಯ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಸ್ವಂತ ಸ್ಪ್ರೆಡ್‌ಶೀಟ್ ಮಾಡಿಕೊಂಡವರಿಗೆ ಮಾಡಿಫೈಯರ್ ಸೂತ್ರವೇ ಗುಂಡಿ. ಗೂಗಲ್ ಶೀಟ್ಸ್ ಆಗಲಿ ಎಕ್ಸೆಲ್ ಆಗಲಿ, ರೌಂಡ್ ಬಳಸಿದರೆ 15ಕ್ಕೆ 2.5 ಬಂದು ಅದು 3 ಆಗುತ್ತದೆ. ರೌಂಡ್‌ಡೌನ್ ಬಳಸಿದರೆ ಆ ತೊಂದರೆ ಹೋಗುತ್ತದೆ, ಆದರೆ ಅದು ಸೊನ್ನೆಯ ಕಡೆಗೆ ಇಳಿಸುತ್ತದೆ. 9ಕ್ಕೆ ಬರುವ ಮೈನಸ್ ಅರ್ಧ ಸೊನ್ನೆಯಾಗಿಬಿಡುತ್ತದೆ, ಬರಬೇಕಾದ್ದು −1. ಇಂಟ್ ಬಳಸಿ. ಅದು ಯಾವಾಗಲೂ ಕೆಳಗೇ ಇಳಿಸುತ್ತದೆ. ಈ ತಪ್ಪು ಬೆಸ ಸ್ಕೋರ್‌ಗಳಲ್ಲಿ ಮಾತ್ರ ಕಾಣುವುದರಿಂದ ಬಹಳ ದಿನ ಅಡಗಿರಬಲ್ಲದು.

ಸಂಖ್ಯೆಯಲ್ಲಿ ಇರಬಾರದ್ದು

ಅಡ್ವಾಂಟೇಜ್ ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ತೆಗೆದುಕೊಳ್ಳುವುದು, ಬೋನಸ್‌ಗೆ ಅದು ಸೇರುವುದಿಲ್ಲ. ಎದುರಾಳಿ ಮರದ ಮರೆಯಲ್ಲಿದ್ದರೆ ಏರುವುದು ಅವರ ಆರ್ಮರ್ ಕ್ಲಾಸ್, ನಿಮ್ಮ ಬೋನಸ್ ಇಳಿಯುವುದಿಲ್ಲ. ಬ್ಲೆಸ್ ಮಂತ್ರ ನಾಲ್ಕು ಮುಖದ ದಾಳವೊಂದನ್ನು ಕೂಡುತ್ತದೆ, ಅದು ಆಗಿನ ಮಟ್ಟಿಗೆ. 2014ರ ಶಾರ್ಪ್‌ಶೂಟರ್ ಫೀಟ್‌ನ −5 ಕೂಡ ಏಟಿಗೆ ಮುಂಚೆ ಬೇಕಾದರೆ ಒಪ್ಪಿಕೊಳ್ಳುವ ಆಯ್ಕೆ. ಶೀಟ್‌ನಲ್ಲಿ ಐದು ಕಡಿಮೆ ಬಂದರೆ ಆ ಸ್ವಿಚ್ ಆನ್ ಆಗಿ ಉಳಿದಿದೆಯಾ ನೋಡಿ. 2024ರ ನಿಯಮದಲ್ಲಿ ಎಕ್ಸಾಸ್ಚನ್ ಪ್ರತಿ ಹಂತಕ್ಕೂ ದಾಳದಿಂದ 2 ಕಳೆಯುತ್ತದೆ. ಎರಡು, ನಾಲ್ಕು ಅಂತ ಎಲ್ಲ ಆಯುಧಗಳಿಗೂ ಒಟ್ಟಿಗೆ ಇಳಿದಿದ್ದರೆ ನಿಮ್ಮ ಕ್ಯಾರೆಕ್ಟರ್ ನಿಜವಾಗಿಯೂ ದಣಿದಿರಬಹುದು.

ಮಂತ್ರದ ಅಟ್ಯಾಕ್ ಬೋನಸ್ ಆಯಾ ಕ್ಲಾಸ್‌ನ ಎಬಿಲಿಟಿಯ ಮೇಲೆ ನಿಂತಿದೆ. ಕ್ಲೆರಿಕ್ ಮತ್ತು ವಿಝರ್ಡ್ ಎರಡೂ ಆಗಿರುವವರಿಗೆ ಎರಡು ಬೇರೆ ಸಂಖ್ಯೆ ಇರಬೇಕು. ಒಂದೇ ಜಾಗ ಕೊಡುವ ಶೀಟ್‌ನಲ್ಲಿ ಇನ್ನೊಂದು ತಪ್ಪಾಗಿಯೇ ಕಾಣುತ್ತದೆ.

ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿ ಆಡುವವರು ಇಲ್ಲಿನ ಸಂಖ್ಯೆಗಳನ್ನು ಹಾಗೇ ಹಿಡಿಯಬೇಡಿ. ಅಲ್ಲಿ ಕಲಿತಿರುವ ಆಯುಧಕ್ಕೆ ನಿಮ್ಮ ಪೂರ್ತಿ ಲೆವೆಲ್ ಜೊತೆಗೆ 2, 4, 6 ಅಥವಾ 8 ಸೇರುತ್ತದೆ. ಕಲಿಯದಿದ್ದರೆ ಸೊನ್ನೆ. ಹಾಗಾಗಿ ಐದನೇ ಲೆವೆಲ್‌ನಲ್ಲಿ ಏಳು ಅಥವಾ ಒಂಬತ್ತು ಒಟ್ಟಿಗೆ ಮಾಯವಾಗಿದ್ದರೆ ಕಾರಣ ಖಚಿತ. ಒಂದೇ ಬಗೆಯ ಎರಡು ಬೋನಸ್ ಅಲ್ಲಿ ಕೂಡುವುದಿಲ್ಲ, ದೊಡ್ಡದು ಮಾತ್ರ ಉಳಿಯುತ್ತದೆ. ಒಂದೇ ಸರದಿಯಲ್ಲಿ ಎರಡನೇ, ಮೂರನೇ ಏಟಿಗೆ ಸಾಮಾನ್ಯವಾಗಿ −5, −10 ಇರುವುದು ಆಟದ ನಿಯಮ.

ಎಲ್ಲ ನೋಡಿಯೂ ಸರಿಹೋಗದಿದ್ದರೆ

ಅದೇ ಕ್ಲಾಸ್, ಅದೇ ಸ್ಕೋರ್, ಅದೇ ಆಯುಧ ಹಾಕಿ ಹೊಸದಾಗಿ ಇನ್ನೊಂದು ಕ್ಯಾರೆಕ್ಟರ್ ಮಾಡಿ. ಬೇರೇನೂ ಸೇರಿಸಬೇಡಿ. ಅಲ್ಲಿ ಸರಿಯಾದ ಸಂಖ್ಯೆ ಬಂದರೆ ಹಳೆಯ ಶೀಟ್‌ನಲ್ಲಿ ಏನೋ ಉಳಿದುಕೊಂಡಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಹುಡುಕಿ. ಅಲ್ಲೂ ಅದೇ ತಪ್ಪು ಬಂದರೆ ಸಾಫ್ಟ್‌ವೇರ್‌ನದ್ದೇ ದೋಷ ಇರಬಹುದು. ವರದಿ ಮಾಡುವಾಗ "ಬೋನಸ್ ತಪ್ಪಾಗಿದೆ" ಅಂತ ಒಂದು ಸಾಲು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ವರ್ಷದ ನಿಯಮ, ಒಟ್ಟು ಲೆವೆಲ್, ಎಬಿಲಿಟಿ ಸ್ಕೋರ್, ಆಯುಧ, ನಿಮ್ಮ ಲೆಕ್ಕದ ಒಂದೊಂದು ಭಾಗ, ಶೀಟ್ ತೋರಿಸುವ ಅಟ್ಯಾಕ್ ಮತ್ತು ಡ್ಯಾಮೇಜ್ ಇಷ್ಟನ್ನೂ ಕೊಡಿ.

ದುರಸ್ತಿ ಆಗುವವರೆಗೆ ಆಡಲೇಬೇಕಲ್ಲ. ಓವರ್‌ರೈಡ್ ಮುಟ್ಟಬೇಡಿ, ಬೋನಸ್ ಬಾಕ್ಸ್‌ನಲ್ಲಿ ಕಡಿಮೆ ಬಿದ್ದಷ್ಟನ್ನೇ ಹಾಕಿ. ಆ ರೇಂಜರ್‌ಗಾದರೆ 3. ಪಕ್ಕದ ನೋಟ್ಸ್‌ನಲ್ಲಿ "ಪ್ರೊಫಿಷಿಯೆನ್ಸಿ ಬದಲಿಗೆ ಹಾಕಿದ್ದು, ಒಂಬತ್ತನೇ ಲೆವೆಲ್‌ನಲ್ಲಿ 4 ಮಾಡಬೇಕು, ಶೀಟ್ ಸರಿಯಾದರೆ ತೆಗೆಯಬೇಕು" ಅಂತ ಬರೆದಿಡಿ.